ಬೇಸಿಗೆ ಅವಧಿ ನಡೆಸುವವರಿಗೆ: ಮೊದಲು ಗಂಟೆ, ಆಮೇಲೆ ಕೋರ್ಸು

ವಿಶ್ವವಿದ್ಯಾಲಯದ ಬೇಸಿಗೆ ರಜೆಯಲ್ಲಿ ತರಗತಿ ನಡೆಸುವ ಬೇಸಿಗೆ ಅವಧಿಯ ಸಂಯೋಜಕರೆಂದು ನಿಮ್ಮ ಹೆಸರಿನ ಕಚೇರಿ ಆದೇಶ ಹೊರಬಿದ್ದ ಮರುದಿನವೇ ವಿಭಾಗದ ಮುಖ್ಯಸ್ಥರು ಒಬ್ಬೊಬ್ಬರಾಗಿ ಬಂದು 'ಯಾವ ಕೋರ್ಸ್ ಇಡೋಣ, ಮೇಡಂ?' ಎಂದು ಕೇಳುತ್ತಾರೆ. ಚಹಾ ಕೊಡಿ, ಉತ್ತರ ಕೊಡಬೇಡಿ. ಕೋರ್ಸಿನ ಪ್ರಶ್ನೆ ಕೊನೆಯಲ್ಲಿ ತಾನಾಗಿ ಬಗೆಹರಿಯುತ್ತದೆ. ಮೊದಲು ಬಗೆಹರಿಯಬೇಕಾದದ್ದು ಗಂಟೆಯ ಪ್ರಶ್ನೆ. ನಿಮ್ಮ ಊರಿನ ಬಿಸಿಲಿನಲ್ಲಿ ಒಬ್ಬ ವಿದ್ಯಾರ್ಥಿಯನ್ನು ದಿನಕ್ಕೆ ಎಷ್ಟು ಗಂಟೆ ಬೆಂಚಿನ ಮೇಲೆ ಕೂರಿಸಬಹುದು, ಅಂಥ ದಿನಗಳು ಎಷ್ಟು ಸಿಗುತ್ತವೆ ಎಂಬುದು ಗೊತ್ತಾಗದೆ ಕೋರ್ಸಿನ ಪಟ್ಟಿ ಬರೆಯುವುದು ದಂಡ.

ನಾನು ಕಲಬುರಗಿ ವಿಭಾಗದ ಒಂದು ರಾಜ್ಯ ವಿಶ್ವವಿದ್ಯಾಲಯದಲ್ಲಿ ರಸಾಯನಶಾಸ್ತ್ರ ಪಾಠ ಮಾಡುವವಳು. ಹಲವು ಬೇಸಿಗೆಗಳಿಂದ ಈ ಕಡತ ನನ್ನ ಮೇಜಿನ ಮೇಲೇ ಇದೆ. ಇಲ್ಲಿ ಹೇಳುವ ಬಿಸಿಲು, ನೀರಿನ ಮಾತು ಮೈಸೂರಿನವರಿಗೆ, ಶಿವಮೊಗ್ಗದವರಿಗೆ ಅಷ್ಟಾಗಿ ತಟ್ಟದೆ ಇರಬಹುದು. ಲೆಕ್ಕ ಹಾಕುವ ಕ್ರಮ ಮಾತ್ರ ಎಲ್ಲ ಕಡೆಗೂ ಒಂದೇ.

ಮೂವತ್ತು ದಿನ, ಐದು ಗಂಟೆ

ವಿಶ್ವವಿದ್ಯಾಲಯ ಅನುದಾನ ಆಯೋಗ (ಯುಜಿಸಿ) 2022ರ ಡಿಸೆಂಬರ್‌ನಲ್ಲಿ ಹೊರಡಿಸಿದ ಪದವಿ ಪಠ್ಯಕ್ರಮ ಮತ್ತು ಕ್ರೆಡಿಟ್ ಚೌಕಟ್ಟು ಬೇಸಿಗೆ ಅವಧಿಯನ್ನು ಎಂಟು ವಾರ ಎಂದು ಗುರುತಿಸಿದೆ. ಆ ಅವಧಿಯಲ್ಲಿ ಇಂಟರ್ನ್‌ಶಿಪ್ ಮಾಡಿಸಬಹುದು. ಪತ್ರಿಕೆ ಬಾಕಿ ಉಳಿಸಿಕೊಂಡವರಿಗೆ, ಹೆಚ್ಚುವರಿ ಪತ್ರಿಕೆ ಓದಬಯಸುವವರಿಗೆ ಮಾಮೂಲಿ ಪತ್ರಿಕೆಗಳನ್ನೇ ವೇಗವಾಗಿ ಪಾಠ ಮಾಡಬಹುದು. ಅಧ್ಯಾಪಕರು ಎಷ್ಟು ಮಂದಿ ಸಿಗುತ್ತಾರೆ, ವಿದ್ಯಾರ್ಥಿಗಳು ಎಷ್ಟು ಮಂದಿ ಇದ್ದಾರೆ ಎಂಬುದನ್ನು ನೋಡಿ ಯಾವ ಕೋರ್ಸು ಎಂಬುದನ್ನು ಸಂಸ್ಥೆಯೇ ತೀರ್ಮಾನಿಸಬಹುದು. ಈ ಕೊನೆಯ ಮಾತಿಗೆ ಅಡಿಗೆರೆ ಎಳೆದು ಕಡತದ ಮೊದಲ ಹಾಳೆಯಲ್ಲೇ ಇಟ್ಟುಕೊಳ್ಳಿ. 'ಹದಿನೆಂಟು ಕೋರ್ಸ್ ಇಡಲೇಬೇಕು' ಎಂದು ಯಾರಾದರೂ ಪಟ್ಟು ಹಿಡಿದಾಗ ತೆಗೆದು ತೋರಿಸಲು ಅನುಕೂಲ.

ಎಂಟು ವಾರ ಎಂದರೆ ಎಂಟು ವಾರದ ಪಾಠವಲ್ಲ. ಮೊದಲ ವಾರ ನೋಂದಣಿ, ಚಲನ್, 'ನಾಳೆ ಬರುತ್ತೇನೆ' ಎನ್ನುವವರ ಫೋನ್‌ಗಳಲ್ಲಿ ಹೋಗುತ್ತದೆ. ಕೊನೆಯ ವಾರ ಪರೀಕ್ಷೆಗೆ. ಉಳಿದ ಆರು ವಾರಕ್ಕೆ ವಾರಕ್ಕೆ ಆರರಂತೆ 36 ದಿನ. ಅದರಲ್ಲಿ ಎರಡನೆಯ ಮತ್ತು ನಾಲ್ಕನೆಯ ಶನಿವಾರಗಳು ಮೂರು ಎಂದಿಟ್ಟುಕೊಳ್ಳಿ. ಮೇ ದಿನವೋ ಬಸವ ಜಯಂತಿಯೋ ಬಕ್ರೀದೋ, ಎರಡು ರಜೆ ಬಂದೇ ಬರುತ್ತವೆ. ಬಕ್ರೀದ್ ವರ್ಷಕ್ಕೆ ಹತ್ತು ಹನ್ನೊಂದು ದಿನ ಹಿಂದಕ್ಕೆ ಸರಿಯುತ್ತದೆ; 2025ರಲ್ಲಿ ಜೂನ್ 7ಕ್ಕೆ ಇದ್ದದ್ದು ಈಗ ಮೇ ತಿಂಗಳೊಳಗೆ ಬಂದಿದೆ. ಆದ್ದರಿಂದ ಹಳೆಯ ವೇಳಾಪಟ್ಟಿಯನ್ನು ಹಾಗೇ ನಕಲು ಮಾಡಬೇಡಿ. ಅನಿರೀಕ್ಷಿತಕ್ಕೆಂದು ಇನ್ನೊಂದು ದಿನ ಕಳೆಯಿರಿ. ಕೈಯಲ್ಲಿ ಉಳಿಯುವುದು 30 ದಿನ.

ಇನ್ನು ಗಂಟೆ. ಏಪ್ರಿಲ್, ಮೇ ತಿಂಗಳಲ್ಲಿ ಕಲಬುರಗಿ ವಿಭಾಗದ ಜಿಲ್ಲೆಗಳಲ್ಲೂ ವಿಜಯಪುರ, ಬಾಗಲಕೋಟೆಗಳಲ್ಲೂ ಸರ್ಕಾರಿ ಕಚೇರಿಗಳ ವೇಳೆಯನ್ನು ಬೆಳಗಿನ 8ರಿಂದ ಮಧ್ಯಾಹ್ನ 1.30ರವರೆಗೆ ಎಂದು ಬದಲಿಸುವ ಪದ್ಧತಿ ಇದೆ. ನಾನು ತರಗತಿಯನ್ನೂ ಅದೇ ವೇಳೆಗೆ ಹೊಂದಿಸುತ್ತೇನೆ. ಏಳಕ್ಕೇ ಶುರು ಮಾಡಿದರೆ ತಂಪು, ನಿಜ. ಆದರೆ ತಾಲ್ಲೂಕಿನಿಂದ ಬರುವವರ ಮೊದಲ ಬಸ್ಸು ಅಷ್ಟು ಹೊತ್ತಿಗೆ ಊರು ಮುಟ್ಟಿರುವುದಿಲ್ಲ. ಐದೂವರೆ ಗಂಟೆಯಲ್ಲಿ ತಿಂಡಿಗೆ ಅರ್ಧ ಗಂಟೆ ಬಿಟ್ಟರೆ ಐದು ಗಂಟೆ ಪಾಠ. ಮಧ್ಯಾಹ್ನ ಊಟ ಮಾಡಿಸಿ ಮತ್ತೆ ಮೂರಕ್ಕೆ ಕೂರಿಸೋಣ ಎಂಬ ಸಲಹೆ ಪ್ರತಿವರ್ಷ ಬರುತ್ತದೆ. ಸಲಹೆ ಕೊಡುವವರ ಕೋಣೆಯಲ್ಲಿ ಎಸಿ ಇರುತ್ತದೆ.

ಈಗ ಎರಡನ್ನೂ ಸೇರಿಸಿ. ಬೋಧನೆಯ ಒಂದು ಕ್ರೆಡಿಟ್‌ಗೆ 15 ಗಂಟೆ, ಪ್ರಯೋಗದ ಒಂದು ಕ್ರೆಡಿಟ್‌ಗೆ 30 ಗಂಟೆ. ಮೂರು ಕ್ರೆಡಿಟ್‌ನ ಒಂದು ಪತ್ರಿಕೆಗೆ 45 ಗಂಟೆ. 30 ದಿನಕ್ಕೆ ಹಂಚಿದರೆ ದಿನಕ್ಕೆ ಒಂದೂವರೆ ಗಂಟೆ. ಅಂಥ ಎರಡು ಪತ್ರಿಕೆಗೆ ಮೂರು ಗಂಟೆ. ಎರಡು ಕ್ರೆಡಿಟ್‌ನ ಪ್ರಯೋಗಕ್ಕೆ 60 ಗಂಟೆ, ದಿನಕ್ಕೆ ಎರಡು. ಅಲ್ಲಿಗೆ ಐದು ಗಂಟೆ ತುಂಬಿತು. ಪ್ರಯೋಗವನ್ನೂ ತೆಗೆದುಕೊಂಡ ಒಬ್ಬ ವಿದ್ಯಾರ್ಥಿ ಒಂದು ಬೇಸಿಗೆಯಲ್ಲಿ ಪಡೆಯಬಹುದಾದದ್ದು ಎಂಟು ಕ್ರೆಡಿಟ್, ಅದಕ್ಕಿಂತ ಹೆಚ್ಚಿಲ್ಲ. ನಾಲ್ಕು ಪತ್ರಿಕೆ ಬಾಕಿ ಇಟ್ಟುಕೊಂಡವನು ನಾಲ್ಕಕ್ಕೂ ಹಣ ಕಟ್ಟಲು ಬಂದರೆ ಕೌಂಟರಿನಲ್ಲೇ ಎರಡಕ್ಕೆ ಇಳಿಸಿ. ಈ ಮಿತಿಯನ್ನು ಅಧಿಸೂಚನೆಯಲ್ಲೇ ಬರೆದಿದ್ದರೆ ತಂದೆಯನ್ನೂ ಮಾವನನ್ನೂ ಕರೆದುಕೊಂಡು ಬಂದು ವಾದಿಸುವವರ ಸಂಖ್ಯೆ ಕಡಿಮೆಯಾಗುತ್ತದೆ.

ಹಾಜರಾತಿಯ ಲೆಕ್ಕವನ್ನೂ ಮೊದಲ ದಿನವೇ ಹಲಗೆಯ ಮೇಲೆ ಬರೆದು ತೋರಿಸಿ. 45 ಗಂಟೆಯಲ್ಲಿ ಶೇಕಡಾ 75 ಎಂದರೆ ಏಳು ದಿನದವರೆಗೆ ತಪ್ಪಬಹುದು. ಎಂಟನೆಯ ದಿನಕ್ಕೆ ಪರೀಕ್ಷೆಯಿಂದ ಹೊರಗೆ. ಮೇ ತಿಂಗಳು ಮದುವೆಯ ತಿಂಗಳು. ಸ್ವಂತ ಅಕ್ಕನ ಮದುವೆ ಎಂದರೆ ಅರಿಶಿನದಿಂದ ಹಿಡಿದು ಬೀಗರ ಊಟದವರೆಗೆ ನಾಲ್ಕು ದಿನ ಸಲೀಸಾಗಿ ಹೋಗುತ್ತದೆ. 'ಅಕ್ಕನ ಮದುವೆಗೆ ಹೋಗಿ ಬಾ, ಚಿಕ್ಕಪ್ಪನ ಮಗನ ಮದುವೆಗೆ ಊಟದ ಹೊತ್ತಿಗೆ ಹೋಗಿ ಬಾ' ಎಂದು ನಾನು ಹೇಳುವುದುಂಟು.

ಒಂದು ಮಾತು ನಡುವೆ. ಕೋವಿಡ್ ನಂತರ ಕೆಲವು ವಿಶ್ವವಿದ್ಯಾಲಯಗಳ ಶೈಕ್ಷಣಿಕ ವೇಳಾಪಟ್ಟಿ ಎಷ್ಟು ಜಾರಿತೆಂದರೆ ಎರಡನೆಯ, ನಾಲ್ಕನೆಯ ಸೆಮಿಸ್ಟರಿನ ಪರೀಕ್ಷೆ ಮಳೆಗಾಲಕ್ಕೆ ಬಂದು ನಿಂತಿತು. ನಿಮ್ಮಲ್ಲಿ ಹಾಗಿದ್ದರೆ ಹೆಸರು ಬೇಸಿಗೆ ಅವಧಿಯೇ ಇರಲಿ, ಯೋಜನೆ ಮಾತ್ರ ಮಳೆಗೆ ಮಾಡಿ. ಮುಂಗಾರು ಬಿತ್ತನೆಯ ಹೊತ್ತಿನಲ್ಲಿ ರೈತರ ಮಕ್ಕಳು ಊರಿಗೆ ಹೋಗುತ್ತಾರೆ. ಹಾಜರಾತಿಯ ಹೆದರಿಕೆ ಹಾಕಿದರೂ ಹೋಗುತ್ತಾರೆ, ಹೋಗಬೇಕಾದದ್ದೂ ಹೌದು.

ಯಾರಿಗೆ ಬೇಕು ಎಂದು ಪರೀಕ್ಷಾ ವಿಭಾಗವನ್ನು ಕೇಳಿ

ಜನವರಿಯಲ್ಲಿ ಪರೀಕ್ಷಾ ವಿಭಾಗಕ್ಕೆ ಪತ್ರ ಬರೆದು ಪತ್ರಿಕೆವಾರು ಅನುತ್ತೀರ್ಣರ ಪಟ್ಟಿ ತರಿಸಿ. ವಿಭಾಗವಾರು ಬೇಡ, ಪತ್ರಿಕೆವಾರೇ ಬೇಕು. 'ಭೌತಶಾಸ್ತ್ರದಲ್ಲಿ 90 ಮಂದಿ ಅನುತ್ತೀರ್ಣ' ಎಂಬುದರಿಂದ ಏನೂ ತಿಳಿಯುವುದಿಲ್ಲ. ಅದರಲ್ಲಿ 60 ಮಂದಿ ಒಂದೇ ಪತ್ರಿಕೆಯಲ್ಲಿ ಹೋಗಿದ್ದರೆ ಅದೇ ನಿಮ್ಮ ಮೊದಲ ಕೋರ್ಸು.

ಆ ಪಟ್ಟಿಯನ್ನು ಎರಡಾಗಿ ಒಡೆಯಿರಿ. ಹಾಜರಾತಿ ಇದ್ದು ಪರೀಕ್ಷೆಯಲ್ಲಿ ಅನುತ್ತೀರ್ಣರಾದವರು ಒಂದು ಕಡೆ, ಹಾಜರಾತಿಯೇ ಸಾಲದೆ ಪರೀಕ್ಷೆಗೆ ಕೂರದವರು ಇನ್ನೊಂದು ಕಡೆ. ಮೊದಲನೆಯವರಿಗೆ ಪೂರ್ತಿ 45 ಗಂಟೆಯ ಪಾಠ ಬೇಕಿಲ್ಲ. ಗಟ್ಟಿಯಾದ ಹತ್ತು ಹದಿನೈದು ಗಂಟೆಯ ಪರಿಹಾರ ಬೋಧನೆ, ಎರಡು ಮಾದರಿ ಪರೀಕ್ಷೆ, ಆಮೇಲೆ ಮರುಪರೀಕ್ಷೆ ಸಾಕು. ಎರಡನೆಯವರಿಗೆ ಗಂಟೆ ಕಡ್ಡಾಯ. ಇಬ್ಬರನ್ನೂ ಒಂದೇ ಕೋಣೆಗೆ ತುಂಬಿದರೆ ಮೊದಲ ಗುಂಪಿಗೆ ಬೇಸರ, ಎರಡನೆಯ ಗುಂಪಿಗೆ ಗೊಂದಲ.

ಕರ್ನಾಟಕದಲ್ಲಿ ಈಗ ಇನ್ನೊಂದು ಒಡಕೂ ಇದೆ. 2021-22ರಿಂದ 2023-24ರವರೆಗೆ ಸೇರಿದವರದು ರಾಷ್ಟ್ರೀಯ ಶಿಕ್ಷಣ ನೀತಿಯ ಪಠ್ಯಕ್ರಮ. 2024-25ರಿಂದ ರಾಜ್ಯ ಮೂರು ವರ್ಷದ ಪದವಿಗೆ ಮರಳಿದ್ದರಿಂದ ಆಮೇಲೆ ಸೇರಿದವರದು ಬೇರೆ ಪಠ್ಯಕ್ರಮ. ಪತ್ರಿಕೆಯ ಹೆಸರು ಎರಡರಲ್ಲೂ ಒಂದೇ ಇರಬಹುದು. ಒಳಗಿನ ಘಟಕ, ಅಂಕದ ಹಂಚಿಕೆ ಬೇರೆ. ಹೆಸರು ನೋಡಿ ಒಂದೇ ತರಗತಿ ಮಾಡಿ, ಕೊನೆಗೆ ಪ್ರಶ್ನೆಪತ್ರಿಕೆಯ ಹೊತ್ತಿಗೆ ಗಾಬರಿಯಾಗುವುದು ಬೇಡ. ಪಟ್ಟಿಯಲ್ಲಿ ಪತ್ರಿಕೆಯ ಸಂಕೇತ ಸಂಖ್ಯೆಯನ್ನೇ ನೋಡಿ. ಎರಡೂ ಪಠ್ಯಕ್ರಮಕ್ಕೆ ಸಾಮಾನ್ಯವಾದ ಘಟಕಗಳನ್ನು ಒಟ್ಟಿಗೆ ಪಾಠ ಮಾಡಿ, ಉಳಿದದ್ದಕ್ಕೆ ವಾರದಲ್ಲಿ ಎರಡು ದಿನ ಬೇರೆ ಬೇರೆ ಕೂರಿಸಬಹುದು.

ಆಸಕ್ತಿ ಸಮೀಕ್ಷೆಯನ್ನು ನಂಬಬೇಡಿ. ಮೊಬೈಲಿನಲ್ಲಿ ಫಾರಂ ತುಂಬಿ 'ಹೌದು' ಎಂದವರಲ್ಲಿ ಅರ್ಧಕ್ಕಿಂತ ಹೆಚ್ಚು ಮಂದಿ ಹಣ ಕಟ್ಟುವ ದಿನ ಕಾಣಸಿಗುವುದಿಲ್ಲ. ಮಾರ್ಚ್ ಮೊದಲ ವಾರದಲ್ಲಿ 200 ರೂಪಾಯಿ ಮುಂಗಡ ಕಟ್ಟಿಸಿಕೊಳ್ಳಿ; ಕೋರ್ಸು ನಡೆಯದಿದ್ದರೆ ಹಿಂತಿರುಗಿಸುತ್ತೇವೆ ಎಂದು ರಸೀದಿಯ ಮೇಲೇ ಮುದ್ರೆ ಹಾಕಿ. ಆ ಸಂಖ್ಯೆಯೇ ಸಂಖ್ಯೆ.

ಚೆನ್ನಾಗಿ ಓದುವವರನ್ನು ಬೇಸಿಗೆಯಲ್ಲಿ ನಿಮ್ಮ ಬಳಿ ಹಿಡಿದಿಟ್ಟುಕೊಳ್ಳಲು ಹೋಗಬೇಡಿ. ಬೆಂಗಳೂರಿನ ಜಕ್ಕೂರಿನಲ್ಲಿರುವ ಜವಾಹರಲಾಲ್ ನೆಹರು ಉನ್ನತ ವೈಜ್ಞಾನಿಕ ಸಂಶೋಧನಾ ಕೇಂದ್ರವೂ, ದೇಶದ ಮೂರು ವಿಜ್ಞಾನ ಅಕಾಡೆಮಿಗಳು ಸೇರಿಯೂ ಬೇಸಿಗೆಯಲ್ಲಿ ಎರಡು ತಿಂಗಳ ಸಂಶೋಧನಾ ಫೆಲೋಶಿಪ್ ಕೊಡುತ್ತವೆ. ಅದಕ್ಕೆ ಅರ್ಜಿ ಹಾಕುವ ಕಾಲ ಹಿಂದಿನ ವರ್ಷದ ಕೊನೆಯ ತಿಂಗಳುಗಳು. ನವೆಂಬರ್‌ನಲ್ಲೇ ಅದರ ಪ್ರಕಟಣೆಯನ್ನು ಸೂಚನಾ ಫಲಕಕ್ಕೆ ಹಚ್ಚಿ, ನಾಲ್ಕೈದು ಮಕ್ಕಳನ್ನು ಕೂರಿಸಿಕೊಂಡು ಅರ್ಜಿ ಬರೆಸಿ. ಬೇಸಿಗೆ ಸಂಯೋಜಕರು ಮಾಡುವ ಅತಿ ಅಗ್ಗದ, ಅತಿ ಲಾಭದ ಕೆಲಸ ಇದು.

ಮಂಡಳಿ, ಪರಿಷತ್ತು, ಸಿಂಡಿಕೇಟ್

ಈ ಭಾಗ ಬೇಗ ಮುಗಿಸುತ್ತೇನೆ. ಈಗಾಗಲೇ ಪಠ್ಯಕ್ರಮದಲ್ಲಿರುವ ಪತ್ರಿಕೆಯನ್ನು ಬೇಸಿಗೆಯಲ್ಲಿ ಪಾಠ ಮಾಡಲು ಹೊಸದಾಗಿ, ಪಠ್ಯಕ್ರಮ ರೂಪಿಸುವ ಅಧ್ಯಯನ ಮಂಡಳಿಯ ಬಾಗಿಲು ತಟ್ಟಬೇಕಿಲ್ಲ. ಬೇಸಿಗೆ ಅವಧಿಗೊಂದು ನಿಯಮಾವಳಿ ವಿದ್ಯಾವಿಷಯಕ ಪರಿಷತ್ತಿನಲ್ಲಿ, ಆಡಳಿತ ನೋಡಿಕೊಳ್ಳುವ ಸಿಂಡಿಕೇಟಿನಲ್ಲಿ ಒಮ್ಮೆ ಅನುಮೋದನೆಯಾಗಿದ್ದರೆ ಪ್ರತಿವರ್ಷ ವೇಳಾಪಟ್ಟಿಗೆ ಒಪ್ಪಿಗೆ ಪಡೆದರೆ ಸಾಕು. ಹೊಸ ಕೋರ್ಸಾದರೆ ಮಂಡಳಿಯಿಂದಲೇ ಶುರು. ಪರಿಷತ್ತು ವರ್ಷಕ್ಕೆ ಕೆಲವೇ ಸಲ ಸೇರುತ್ತದೆ, ಆದ್ದರಿಂದ ಡಿಸೆಂಬರ್ ಹೊತ್ತಿಗೆ ಕಾರ್ಯಸೂಚಿಗೆ ಸೇರದ ವಿಷಯ ಬೇಸಿಗೆಗೆ ಸೇರುವುದಿಲ್ಲ ಎಂದೇ ತಿಳಿಯಿರಿ. ಮೊದಲ ಎರಡು ವರ್ಷ ಹೊಸ ಕೋರ್ಸು ಬೇಡವೇ ಬೇಡ ಎಂಬುದು ನನ್ನ ಅಭಿಪ್ರಾಯ. ಮೂವತ್ತು ಗಂಟೆಯಲ್ಲಿ ಕೃತಕ ಬುದ್ಧಿಮತ್ತೆ ಕಲಿಸುತ್ತೇವೆ ಎಂಬ ಪ್ರಮಾಣಪತ್ರ ಕೋರ್ಸುಗಳ ಕರಪತ್ರ ಚೆಂದ ಇರುತ್ತದೆ, ಅಷ್ಟೇ.

ಹಣ: 20 ಮಂದಿಗೂ 40 ಮಂದಿಗೂ ಖರ್ಚು ಒಂದೇ

ಬೇಸಿಗೆ ಅವಧಿಯ ದೊಡ್ಡ ತೊಡಕು ಎಂದರೆ ಅದು ಹಣಕಾಸು ವರ್ಷದ ಹೊಸ್ತಿಲ ಮೇಲೆ ಬರುತ್ತದೆ. ಮಾರ್ಚ್ 31ಕ್ಕೆ ಹಳೆಯ ಹಣ ಮುಗಿಯುತ್ತದೆ. ಹೊಸ ವರ್ಷದ ಅನುದಾನದ ಮೊದಲ ಕಂತು ಏಪ್ರಿಲ್‌ನಲ್ಲಿ ಬರುತ್ತದೆಂಬ ಭರವಸೆ ಯಾರಿಗೂ ಇಲ್ಲ. ಆದ್ದರಿಂದ ಬೇಸಿಗೆ ಅವಧಿಯ ಶುಲ್ಕಕ್ಕೆ ಪ್ರತ್ಯೇಕ ಖಾತೆ ತೆರೆಸಿ, ಖರ್ಚು ಅದರಿಂದಲೇ ನಡೆಯುವಂತೆ ಹಣಕಾಸು ಅಧಿಕಾರಿಗಳಿಂದ ಫೆಬ್ರವರಿಯಲ್ಲೇ ಟಿಪ್ಪಣಿ ಹಾಳೆಯ ಮೇಲೆ ಒಪ್ಪಿಗೆ ಬರೆಸಿಕೊಳ್ಳಿ. ಬಾಯಿಮಾತಿನ ಒಪ್ಪಿಗೆ ಅವರು ವರ್ಗವಾದ ದಿನವೇ ವರ್ಗವಾಗುತ್ತದೆ.

ಲೆಕ್ಕ ಹೀಗೆ ಹಾಕಿ. ಗೌರವಧನ ಗಂಟೆಗೆ 800 ರೂಪಾಯಿ ಎಂದಿಟ್ಟುಕೊಂಡರೆ 45 ಗಂಟೆಗೆ 36,000. ಪ್ರಶ್ನೆಪತ್ರಿಕೆ, ಮೇಲ್ವಿಚಾರಣೆ, ಮೌಲ್ಯಮಾಪನಕ್ಕೆ 6,000. ಮುದ್ರಣಕ್ಕೆ 2,000. ಅಟೆಂಡರ್, ಸ್ವಚ್ಛತೆ, ಕುಡಿಯುವ ನೀರಿನ ಪಾಲು 4,000. ಒಟ್ಟು 48,000. ಇಪ್ಪತ್ತು ಮಂದಿ ಇದ್ದರೆ ತಲೆಗೆ 2,400, ನಲವತ್ತು ಮಂದಿಗೆ 1,200, ಹನ್ನೆರಡೇ ಮಂದಿ ಬಂದರೆ 4,000. ನಮ್ಮ ಕಡೆಯ ಮನೆಗಳಿಗೆ ಒಂದು ಪತ್ರಿಕೆಗೆ 1,500 ರೂಪಾಯಿಯೇ ಭಾರ. ಅಂದರೆ 32 ಮಂದಿ ಇಲ್ಲದ ಪತ್ರಿಕೆ ತನ್ನ ಖರ್ಚನ್ನು ತಾನು ಹೊರುವುದಿಲ್ಲ. 32ಕ್ಕಿಂತ ಕಡಿಮೆ ಇರುವುದನ್ನೂ ನಡೆಸಬಹುದು, ನಡೆಸಬೇಕಾಗುತ್ತದೆ. ಆದರೆ ಯಾವ ದೊಡ್ಡ ತರಗತಿಯ ಹೆಚ್ಚುವರಿ ಹಣ ಅದನ್ನು ಹೊರುತ್ತದೆ ಎಂದು ಪಕ್ಕದಲ್ಲೇ ಬರೆದಿಡಿ. ನಾನು 15ಕ್ಕಿಂತ ಕೆಳಗೆ ಇಳಿಯುವುದಿಲ್ಲ, ಪ್ರಯೋಗಕ್ಕೆ 10. ಈ ಕನಿಷ್ಠ ಸಂಖ್ಯೆ ಅಧಿಸೂಚನೆಯಲ್ಲಿ ಅಚ್ಚಾಗಿರಬೇಕು. ಇಲ್ಲದಿದ್ದರೆ ಏಳು ಮಂದಿಗೆ ತರಗತಿ ನಡೆಸಿ ಎಂದು ಏಳು ಕಡೆಯಿಂದ ಫೋನ್ ಬರುತ್ತದೆ.

ಪಾಠ ಮಾಡುವವರು

ಕಾಯಂ ಅಧ್ಯಾಪಕರಿಗೆ ಬೇಸಿಗೆ ರಜೆ ಹಕ್ಕು. ಆ ರಜೆಯಲ್ಲಿ ಕೆಲಸ ಮಾಡಿದರೆ ಅದಕ್ಕೆ ತಕ್ಕ ಗಳಿಕೆ ರಜೆ ಸೇರಬೇಕು. ಸೇರಬೇಕಾದರೆ 'ರಜಾ ಅವಧಿಯಲ್ಲಿ ಕರ್ತವ್ಯ ನಿರ್ವಹಣೆ' ಎಂದು ದಿನಾಂಕ ಸಹಿತ ಕಚೇರಿ ಆದೇಶ ಪಾಠ ಶುರುವಾಗುವ ಮೊದಲೇ ಹೊರಬಿದ್ದು, ಅದರ ಪ್ರತಿ ಸೇವಾ ಪುಸ್ತಕ ನೋಡಿಕೊಳ್ಳುವ ಶಾಖೆಗೆ ಹೋಗಿರಬೇಕು. ಆದೇಶ ಆಮೇಲೆ ಕೊಡುತ್ತೇವೆ, ಈಗ ಪಾಠ ಮಾಡಿ ಎಂದು ಯಾರನ್ನೂ ಕೇಳಬೇಡಿ. ಕೇಳಿದರೆ ಒಂದು ವರ್ಷ ಬರುತ್ತಾರೆ, ಮರುವರ್ಷ ಫೋನ್ ಎತ್ತುವುದಿಲ್ಲ.

ಅತಿಥಿ ಉಪನ್ಯಾಸಕರ ಮಾತು ಬೇರೆ. ಸೆಮಿಸ್ಟರ್ ಮುಗಿದರೆ ಅವರ ಸಂಬಳವೂ ಮುಗಿಯುತ್ತದೆ, ಹಾಗಾಗಿ ಬೇಸಿಗೆಯ ಪಾಠ ಅವರಿಗೆ ಬೇಕೇ ಬೇಕು. ಬಾಕಿ ಪತ್ರಿಕೆಗಳ ಪಾಠವನ್ನು ಅವರೇ ಚೆನ್ನಾಗಿ ಮಾಡುತ್ತಾರೆಂಬುದೂ ನನ್ನ ಅನುಭವ. ಯಾವ ಹುಡುಗ ಯಾವ ಲೆಕ್ಕದಲ್ಲಿ ಎಡವುತ್ತಾನೆಂದು ಅವರಿಗೆ ಗೊತ್ತು. ಗೌರವಧನವನ್ನು ಅವಧಿ ಮುಗಿದ ಮೇಲೆ ಒಟ್ಟಿಗೆ ಕೊಡುವ ಬದಲು 15 ಗಂಟೆಗೊಮ್ಮೆ ಬಿಲ್ಲು ಮಾಡಿಸಿ. ಮೂರು ಬಿಲ್ಲು ಬರೆಯುವುದು ಗುಮಾಸ್ತರಿಗೆ ಕಿರಿಕಿರಿ. ಇರಲಿ.

ಚುನಾವಣೆಯ ವರ್ಷ ಎಚ್ಚರ. 2023ರಲ್ಲಿ ವಿಧಾನಸಭೆಗೆ ಮೇ 10ರಂದು, 2024ರಲ್ಲಿ ಲೋಕಸಭೆಗೆ ನಮ್ಮ ಉತ್ತರದ ಜಿಲ್ಲೆಗಳಲ್ಲಿ ಮೇ 7ರಂದು ಮತದಾನವಾಯಿತು. ಅಧ್ಯಾಪಕರು ತರಬೇತಿಗೆ, ಮತಗಟ್ಟೆಗೆ ಹೋಗುವುದು ಒಂದು ವಾರದ ಮಾತು; ಅದನ್ನು ಹೊಂದಿಸಬಹುದು. ಕಟ್ಟಡ ಹೋದರೆ ಹೊಂದಿಸಲಾಗದು. ಮತಯಂತ್ರ ಇಡುವ ಭದ್ರತಾ ಕೊಠಡಿಗೆ ಕಾಲೇಜು ಕಟ್ಟಡಗಳನ್ನೇ ಹುಡುಕುತ್ತಾರೆ. 2024ರಲ್ಲಿ ಎಣಿಕೆ ನಡೆದದ್ದು ಜೂನ್ 4ಕ್ಕೆ. ಮೇ 7ರಿಂದ ಅಲ್ಲಿಯವರೆಗೆ ಅಂಥ ಕಟ್ಟಡಕ್ಕೆ ಪಹರೆ, ಸುತ್ತ ಯಾರೂ ಸುಳಿಯುವಂತಿಲ್ಲ. ಚುನಾವಣೆ ಬರುವ ಸುಳಿವಿದ್ದರೆ ಪ್ರಯೋಗಾಲಯ ಇರುವ ಕಟ್ಟಡವನ್ನು ತೆಗೆದುಕೊಳ್ಳಬೇಡಿ ಎಂದು ತಹಶೀಲ್ದಾರರ ಕಚೇರಿಗೆ ಮೊದಲೇ ಬರೆದು, ಬದಲಿ ಕಟ್ಟಡದ ಹೆಸರನ್ನೂ ನೀವೇ ಸೂಚಿಸಿ.

ಪ್ರಯೋಗಾಲಯದ ಬಿಸಿ

ಇದನ್ನು ಸ್ವಲ್ಪ ವಿವರವಾಗಿ ಹೇಳಲೇಬೇಕು, ಏಕೆಂದರೆ ವೇಳಾಪಟ್ಟಿ ಬರೆಯುವವರಲ್ಲಿ ಹೆಚ್ಚಿನವರು ಪ್ರಯೋಗಾಲಯದೊಳಗೆ ಮೇ ತಿಂಗಳಲ್ಲಿ ನಿಂತವರಲ್ಲ.

ಈಥರ್ ಕುದಿಯುವುದು 34.6 ಡಿಗ್ರಿಗೆ. ಹೊರಗೆ 41 ಇರುವ ದಿನ ನಮ್ಮ ಪ್ರಯೋಗಾಲಯದ ಒಳಗೆ ಅದು ಬಾಟಲಿಯಲ್ಲೇ ಕುದಿಯಲು ತಯಾರಾಗಿರುತ್ತದೆ. ಮುಚ್ಚಳ ತೆರೆದರೆ ಆವಿ, ಪಕ್ಕದ ಮೇಜಿನಲ್ಲಿ ಬರ್ನರ್. ಆದ್ದರಿಂದ ಬೇಸಿಗೆಯ ಪಟ್ಟಿಯಿಂದ ಈಥರ್ ಬಳಸುವ ಎಲ್ಲ ಪ್ರಯೋಗ ತೆಗೆದುಹಾಕಿ. ಸಾಧ್ಯವಿದ್ದ ಕಡೆ ಈಥೈಲ್ ಅಸಿಟೇಟ್ ಬಳಸಿ, ಅದು ಕುದಿಯುವುದು 77ಕ್ಕೆ. ಅಮೋನಿಯಾ ದ್ರಾವಣದ ಹೊಸ ಬಾಟಲಿಯನ್ನು ಬಿಸಿಲಿನ ದಿನ ಹಾಗೇ ತೆರೆಯಬಾರದು. ಒಳಗೆ ಒತ್ತಡ ಕಟ್ಟಿಕೊಂಡಿರುತ್ತದೆ. ತಣ್ಣೀರಿನಲ್ಲಿ ಒಂದಷ್ಟು ಹೊತ್ತು ನಿಲ್ಲಿಸಿ, ಆವಿಯನ್ನು ಹೊರಗೆಳೆಯುವ ಫ್ಯೂಮ್ ಹುಡ್ಡಿನೊಳಗೆ ಮುಖ ದೂರ ಇಟ್ಟು ತೆರೆಯುವುದು ಅಧ್ಯಾಪಕರ ಕೆಲಸ, ವಿದ್ಯಾರ್ಥಿಗಳದಲ್ಲ.

ಇನ್ನು ಆವಿಯನ್ನು ತಣಿಸಿ ಮತ್ತೆ ದ್ರವ ಮಾಡುವ ಕಂಡೆನ್ಸರ್. ಛಾವಣಿಯ ಕಪ್ಪು ಟ್ಯಾಂಕಿನಿಂದ ಹನ್ನೊಂದು ಗಂಟೆಯ ಮೇಲೆ ಬರುವ ನೀರು ಕೈಗೆ ಚುರುಕು ಮುಟ್ಟಿಸುತ್ತದೆ. ಅದನ್ನು ಕಂಡೆನ್ಸರಿಗೆ ಬಿಟ್ಟರೆ ಅಸಿಟೋನ್ ಆವಿ ತಣಿಯದೆ ಮೇಲಿನಿಂದ ಹೋಗಿಬಿಡುತ್ತದೆ. ನಾವು ಕಂಡುಕೊಂಡ ದಾರಿ ಕೂಲರ್ ಪಂಪು. ಕಲಬುರಗಿಯಲ್ಲಿ ಏರ್ ಕೂಲರ್ ಇಲ್ಲದ ಮನೆ ಅಪರೂಪ, ಅದರೊಳಗಿನ ಪುಟ್ಟ ಪಂಪು ಮೂಲೆಯ ಅಂಗಡಿಯಲ್ಲಿ ಕೆಲವು ನೂರು ರೂಪಾಯಿಗೆ ಸಿಗುತ್ತದೆ. ಬಕೆಟ್ಟಿನಲ್ಲಿ ನೀರು, ನೀರಿನಲ್ಲಿ ಐಸ್ ಗಡ್ಡೆ, ಗಡ್ಡೆಯ ಪಕ್ಕ ಪಂಪು. ಅಲ್ಲಿಂದ ರಬ್ಬರ್ ಕೊಳವೆ ಕಂಡೆನ್ಸರಿಗೆ, ಹೊರಬಂದ ನೀರು ಮರಳಿ ಬಕೆಟ್ಟಿಗೆ. ಒಂದು ಪಂಪಿಗೆ ಎರಡು ಕಂಡೆನ್ಸರ್ ಜೋಡಿಸಬಹುದು. ನಲ್ಲಿ ಬಿಟ್ಟು ಗಂಟೆಗಟ್ಟಲೆ ನೀರು ಹರಿಸುವುದೂ ತಪ್ಪಿತು. ಈಗ ನಮ್ಮಲ್ಲಿ ಬೇಸಿಗೆ ಮುಗಿದ ಮೇಲೂ ಅದೇ ವ್ಯವಸ್ಥೆ.

ಐಸನ್ನು ಮಾತ್ರ ಹಿಂದಿನ ಸಂಜೆಯೇ ಹೇಳಿಡಿ. ಮೇ ತಿಂಗಳಲ್ಲಿ ಐಸ್ ಕಾರ್ಖಾನೆಯವರಿಗೆ ಮದುವೆ ಮನೆಗಳೂ ಕಬ್ಬಿನ ಹಾಲಿನ ಗಾಡಿಗಳೂ ಮೊದಲ ಗಿರಾಕಿಗಳು. ವಿಶ್ವವಿದ್ಯಾಲಯ ಎಂದರೆ ಬಿಲ್ಲು ತಡ ಎಂದು ಅವರಿಗೆ ಗೊತ್ತು. ಮುಂಗಡ ಕೊಟ್ಟಿದ್ದರೆ ಎಂಟೂವರೆಗೆ ಗೋಣಿಚೀಲದಲ್ಲಿ ಗಡ್ಡೆ ಬಾಗಿಲಿಗೆ ಬರುತ್ತದೆ.

ಪ್ರಯೋಗವನ್ನು ಕೊನೆಯ ಎರಡು ಗಂಟೆಗೆ ಇಡಬೇಡಿ, ಮೊದಲ ಎರಡು ಗಂಟೆಗೆ ಇಡಿ. ಪಾಠವನ್ನು ಬಿಸಿಯಲ್ಲೂ ಕೇಳಬಹುದು, ಆಮ್ಲವನ್ನು ಬೆವರುವ ಕೈಯಲ್ಲಿ ಅಳೆಯಬಾರದು.

ಹಾಸ್ಟೆಲು, ಮೆಸ್ಸು, ನೀರು

ಬೇಸಿಗೆಯಲ್ಲಿ ಎಲ್ಲ ಹಾಸ್ಟೆಲುಗಳನ್ನೂ ಅರ್ಧರ್ಧ ತುಂಬಿಸಿ ತೆರೆದಿಡುವುದಕ್ಕಿಂತ ಹುಡುಗಿಯರಿಗೆ ಒಂದು, ಹುಡುಗರಿಗೆ ಒಂದು ಇಟ್ಟುಕೊಂಡು ಉಳಿದವಕ್ಕೆ ಬೀಗ ಹಾಕಿ. ನೀರಿನ ಟ್ಯಾಂಕರು ಎರಡೇ ಕಡೆ ಹೋದರೆ ಸಾಕು, ಕಾವಲಿಗೂ ಜನ ಸಾಲುತ್ತಾರೆ. ತಮ್ಮ ಕೋಣೆ ಬಿಟ್ಟು ಬೇರೆ ಕಟ್ಟಡಕ್ಕೆ ಬರಲು ಹುಡುಗಿಯರು ಮೊದಲು ಒಪ್ಪುವುದಿಲ್ಲ. ವಾರ್ಡನ್ ಮೇಡಂ ಅದೇ ಕಟ್ಟಡದಲ್ಲಿ ರಾತ್ರಿ ಇರುತ್ತಾರೆಂದು ಖಚಿತವಾದರೆ ಒಪ್ಪುತ್ತಾರೆ, ಅವರ ಮನೆಯವರೂ ಒಪ್ಪುತ್ತಾರೆ.

ಮೆಸ್ಸಿನಲ್ಲಿ ಡಿವೈಡಿಂಗ್ ಪದ್ಧತಿ ಇದ್ದರೆ ಬೇಸಿಗೆಯ ಮಟ್ಟಿಗೆ ನಿಲ್ಲಿಸಿ. ತಿಂಗಳ ಒಟ್ಟು ಖರ್ಚನ್ನು ತಲೆಗೆ ಹಂಚುವುದು ಮುನ್ನೂರು ಮಂದಿ ಇರುವಾಗ ಸರಿ. ಅಡುಗೆಯವರ ಸಂಬಳ, ಗ್ಯಾಸು ಅಷ್ಟೇ ಇದ್ದು ಉಣ್ಣುವವರು ಅರವತ್ತಕ್ಕೆ ಇಳಿದಾಗ ತಿಂಗಳ ಕೊನೆಗೆ ಬರುವ ಬಿಲ್ಲು ನೋಡಿ ಮಕ್ಕಳು ಚೀಲ ಕಟ್ಟುತ್ತಾರೆ. ಆರು ವಾರಕ್ಕೆ ಇಷ್ಟು ಎಂದು ನಿಗದಿ ಮಾಡಿ ಮೊದಲೇ ಹೇಳಿ. ಊಟದ ಪಟ್ಟಿ ಚಿಕ್ಕದಿರಲಿ: ಬೆಳಿಗ್ಗೆ ಸುಸಲಾ ಅಥವಾ ಉಪ್ಪಿಟ್ಟು, ಮಧ್ಯಾಹ್ನ ಜೋಳದ ರೊಟ್ಟಿ, ಬೇಳೆ, ಅನ್ನ, ಮಜ್ಜಿಗೆ. ಮಜ್ಜಿಗೆಗೆ ಮಿತಿ ಹಾಕಬೇಡಿ. ತರಗತಿಯ ಪಡಸಾಲೆಯಲ್ಲಿ ಮಣ್ಣಿನ ಹರವಿಗಳನ್ನು ಇಡಿಸಿ. ವಿದ್ಯುತ್ ಕೈಕೊಟ್ಟಾಗ ವಾಟರ್ ಕೂಲರ್ ನಿಂತರೂ ಹರವಿಯ ನೀರು ತಣ್ಣಗಿರುತ್ತದೆ.

ಬೇಸಿಗೆ ಅವಧಿ ಯಾರಿಗೆ ಅತಿ ಹೆಚ್ಚು ಬೇಕೋ ಅವರಿಗೇ ಇರಲು ಜಾಗ ಇರುವುದಿಲ್ಲ. ಸಮಾಜ ಕಲ್ಯಾಣ ಇಲಾಖೆಯ, ಹಿಂದುಳಿದ ವರ್ಗಗಳ ಇಲಾಖೆಯ ವಸತಿ ನಿಲಯಗಳಲ್ಲಿ ಇದ್ದು ಓದುವವರು ಪರೀಕ್ಷೆ ಮುಗಿದ ಮೇಲೆ, ನಿಲಯ ಮುಚ್ಚಿದಾಗ ಊರಿಗೆ ಹೊರಡಬೇಕು. ಹೊರಟವರಲ್ಲಿ ಕೆಲವರು ಊರಿನಿಂದ ನೇರ ಹೈದರಾಬಾದಿಗೋ ಪುಣೆಗೋ ಕೆಲಸಕ್ಕೆ ಹೋಗುತ್ತಾರೆ, ಬಾಕಿ ಪತ್ರಿಕೆ ಬಾಕಿಯಾಗಿಯೇ ಉಳಿಯುತ್ತದೆ. ಫೆಬ್ರವರಿಯಲ್ಲಿ ಎರಡೂ ಇಲಾಖೆಯ ಜಿಲ್ಲಾ ಅಧಿಕಾರಿಗಳಿಗೆ ಹೆಸರುಗಳ ಪಟ್ಟಿಯೊಂದಿಗೆ ಪತ್ರ ಬರೆಯಿರಿ. ಅವರಿಂದ ಆಗದಿದ್ದರೆ ನಿಮ್ಮ ಹಾಸ್ಟೆಲಿನಲ್ಲಿ ಬಾಡಿಗೆ ಇಲ್ಲದೆ ಇರಿಸಿಕೊಳ್ಳಲು ಕುಲಪತಿಗಳಿಂದ ಒಪ್ಪಿಗೆ ತೆಗೆದುಕೊಳ್ಳಿ. ಹೆಸರಿಲ್ಲದ ಪತ್ರಕ್ಕೆ ಉತ್ತರ ಬರುವುದಿಲ್ಲ, ಪಟ್ಟಿ ಇದ್ದರೆ ಯಾರೋ ಒಬ್ಬರು ಫೋನ್ ಮಾಡುತ್ತಾರೆ.

ಬಸ್ಸಿನ ವಿಷಯ. ಹುಡುಗಿಯರಿಗೆ 2023ರ ಜೂನ್‌ನಿಂದ ಶಕ್ತಿ ಯೋಜನೆ ಇದೆ, ಚಿಂತೆ ಇಲ್ಲ. ಹುಡುಗರ ವಿದ್ಯಾರ್ಥಿ ಪಾಸಿನ ಅವಧಿ ಬೇಸಿಗೆಗೆ ಮೊದಲೇ ಮುಗಿದಿರುವುದು ಹೆಚ್ಚು. ಡಿಪೋಗೆ ಮಾರ್ಚ್‌ನಲ್ಲೇ ಪತ್ರ ಹೋಗಲಿ.

ಇಂಟರ್ನ್‌ಶಿಪ್: ನೆರಳಿನಲ್ಲಿ 120 ಗಂಟೆ

ನಾಲ್ಕು ಕ್ರೆಡಿಟ್‌ನ ಇಂಟರ್ನ್‌ಶಿಪ್ ಎಂದರೆ ಕ್ರೆಡಿಟ್‌ಗೆ 30 ಗಂಟೆಯಂತೆ 120 ಗಂಟೆ. ದಿನಕ್ಕೆ ಆರು ಗಂಟೆಯಂತೆ 20 ದಿನ. ರಾಷ್ಟ್ರೀಯ ನೀತಿಯ ಚೌಕಟ್ಟಿನಲ್ಲಿ ಒಂದು ವರ್ಷ ಓದಿ 40 ಕ್ರೆಡಿಟ್‌ನೊಂದಿಗೆ ಹೊರಹೋಗುವವರಿಗೆ ಪ್ರಮಾಣಪತ್ರ ಸಿಗಬೇಕಾದರೆ ಬೇಸಿಗೆಯಲ್ಲಿ ಈ ನಾಲ್ಕು ಕ್ರೆಡಿಟ್ ಆಗಲೇಬೇಕು.

ದೊಡ್ಡ ಕಂಪನಿಗಳ ಹಿಂದೆ ಬೀಳುವ ಬದಲು ಬೇಸಿಗೆಯಲ್ಲಿ ನಿಜವಾಗಿ ಕೆಲಸ ಇರುವ ಜಾಗ ಹುಡುಕಿ. ನೀರು ಪರೀಕ್ಷಿಸುವ ಪ್ರಯೋಗಾಲಯಗಳಿಗೆ ಮೇ ತಿಂಗಳಲ್ಲಿ ಮಾದರಿಗಳು ರಾಶಿ ಬೀಳುತ್ತವೆ. ರಸಾಯನಶಾಸ್ತ್ರದವರಿಗೆ ಅದಕ್ಕಿಂತ ಒಳ್ಳೆಯ ಶಾಲೆ ಇಲ್ಲ. ಕಲಬುರಗಿ ತೊಗರಿ ಬೇಳೆಗೆ 2019ರಲ್ಲಿ ಭೌಗೋಳಿಕ ಸೂಚ್ಯಂಕ ಸಿಕ್ಕಿದೆ. ವಾಣಿಜ್ಯಶಾಸ್ತ್ರದವರು ಬೇಳೆ ಗಿರಣಿಯಲ್ಲಿ ದಾಸ್ತಾನು, ದರ್ಜೆ, ಲೆಕ್ಕಪುಸ್ತಕ ಕಲಿಯಬಹುದು. ಕನ್ನಡ ವಿಭಾಗದವರಿಗೆ ಆಕಾಶವಾಣಿ, ಸ್ಥಳೀಯ ಪತ್ರಿಕೆಗಳ ಕಚೇರಿ. ಇತಿಹಾಸದವರು ಸನ್ನತಿಗೆ ಕರೆದುಕೊಂಡು ಹೋಗಿ ಎಂದು ಕೇಳುತ್ತಾರೆ. ಆ ಬೌದ್ಧ ನೆಲೆಯನ್ನು ನೋಡಲೇಬೇಕು, ಆದರೆ ಡಿಸೆಂಬರ್‌ನಲ್ಲಿ. ಮೇ ತಿಂಗಳ ಬಯಲಿನಲ್ಲಿ ಅಳತೆಪಟ್ಟಿ ಹಿಡಿದು ನಿಲ್ಲಿಸಬಾರದು. ಬೇಸಿಗೆಯಲ್ಲಿ ಅವರು ಗ್ರಂಥಾಲಯದ ಹಳೆಯ ದಾಖಲೆಗಳ ಸೂಚಿ ಮಾಡಲಿ. ಎನ್‌ಎಸ್‌ಎಸ್‌ನ ಏಳು ದಿನಗಳ ವಿಶೇಷ ಶಿಬಿರವನ್ನೂ ಇದೇ ಕಾರಣಕ್ಕೆ ಬೇಸಿಗೆಯಿಂದ ಆಚೆ ಇಡಿ. ಊರವರಿಗೇ ನೀರಿಲ್ಲದ ಹಳ್ಳಿಗೆ ಐವತ್ತು ಮಂದಿಯನ್ನು ಕರೆದುಕೊಂಡು ಹೋಗಿ ಶ್ರಮದಾನ ಮಾಡಿಸುವುದು ಆ ಊರಿನ ಮೇಲೆ ಹೊರೆ.

ಸಂಸ್ಥೆಯವರಿಗೆ ಕಳಿಸುವ ಪತ್ರದಲ್ಲಿ ಮೂರು ಸಂಗತಿ ಇರಲಿ: ವಿದ್ಯಾರ್ಥಿಯ ಕೆಲಸದ ವೇಳೆ, ಅವನ ಮೇಲೆ ಕಣ್ಣಿಡುವ ಒಬ್ಬರ ಹೆಸರು, ದಿನಚರಿ ಪುಸ್ತಕಕ್ಕೆ ವಾರಕ್ಕೊಮ್ಮೆ ಸಹಿ. ಸಣ್ಣ ಭತ್ಯೆಯನ್ನೂ ಕೇಳಿ ನೋಡಿ. ಹೈದರಾಬಾದಿಗೆ ದುಡಿಯಲು ಹೋಗಲಿದ್ದವನು ಬಸ್ ಖರ್ಚು, ಊಟದ ಖರ್ಚು ಸಿಕ್ಕರೆ ಇಲ್ಲೇ ಉಳಿಯುತ್ತಾನೆ.

ಪರೀಕ್ಷೆ ಮತ್ತು ಆಮೇಲಿನ ಹತ್ತು ದಿನ

ಪಾಠ ಎಷ್ಟೇ ಚೆನ್ನಾಗಿ ನಡೆದರೂ ಮುಂದಿನ ಸೆಮಿಸ್ಟರಿನ ಪ್ರವೇಶಕ್ಕೆ ಮೊದಲು ಫಲಿತಾಂಶ ಬರದಿದ್ದರೆ ವಿದ್ಯಾರ್ಥಿಗೆ ಏನೂ ಸಿಕ್ಕಂತಾಗಲಿಲ್ಲ. ಆದ್ದರಿಂದ ಮೌಲ್ಯಮಾಪನ ಕುಲಸಚಿವರ ಜೊತೆ ಮೊದಲ ಸಭೆ ಫೆಬ್ರವರಿಯಲ್ಲೇ ಆಗಲಿ, ಪ್ರವೇಶದ ಕೊನೆಯ ದಿನದಿಂದ ಹಿಂದಕ್ಕೆ ಎಣಿಸುತ್ತ ಬನ್ನಿ. ಮೇ, ಜೂನ್‌ನಲ್ಲಿ ಮಾಮೂಲಿ ಸೆಮಿಸ್ಟರಿನ ಉತ್ತರಪತ್ರಿಕೆಗಳು ಮೌಲ್ಯಮಾಪನ ಕೇಂದ್ರದಲ್ಲಿ ರಾಶಿ ಬಿದ್ದಿರುತ್ತವೆ. ನಿಮ್ಮ ಕಟ್ಟುಗಳು ಆ ರಾಶಿಯ ಕೆಳಗೆ ಸೇರದಂತೆ ಬೇರೆ ಕೋಣೆ, ಬೇರೆ ದಿನ ಕೇಳಿ ಪಡೆಯಿರಿ. ಪ್ರಶ್ನೆಪತ್ರಿಕೆಗಳನ್ನು ಪಾಠ ಶುರುವಾಗುವ ಮೊದಲೇ ಬರೆಸಿಡಬಹುದು, ಅದಕ್ಕೆ ಬೇಸಿಗೆ ಬರಬೇಕೆಂದಿಲ್ಲ. ಆಂತರಿಕ ಅಂಕಗಳನ್ನು ಕೊನೆಯ ತರಗತಿಯ ದಿನವೇ ವಿದ್ಯಾರ್ಥಿಗಳಿಗೆ ತೋರಿಸಿ ಸಹಿ ಹಾಕಿಸಿಕೊಳ್ಳಿ. ರಜೆಗೆ ಹೋದ ಅಧ್ಯಾಪಕರನ್ನು ಆಮೇಲೆ ಊರೂರು ಹುಡುಕುವುದು ತಪ್ಪುತ್ತದೆ.

ಫಲಿತಾಂಶ ಪ್ರಕಟವಾದ ಮೇಲೆ ಅಂಕಗಳು ರಾಜ್ಯದ ವಿಶ್ವವಿದ್ಯಾಲಯ, ಕಾಲೇಜುಗಳ ಆಡಳಿತಕ್ಕಿರುವ ಯುಯುಸಿಎಂಎಸ್ ತಂತ್ರಾಂಶಕ್ಕೂ, ಕ್ರೆಡಿಟ್‌ಗಳು ಶೈಕ್ಷಣಿಕ ಕ್ರೆಡಿಟ್ ಬ್ಯಾಂಕಿನ ಖಾತೆಗೂ ಏರಬೇಕು. ಆಧಾರಿನಲ್ಲಿರುವ ಹೆಸರಿಗೂ ಅಂಕಪಟ್ಟಿಯ ಹೆಸರಿಗೂ ಒಂದಕ್ಷರ ವ್ಯತ್ಯಾಸವಿದ್ದರೆ ಅಲ್ಲಿ ತಕರಾರು ಬರುತ್ತದೆ. ಆ ತಿದ್ದುಪಡಿಯನ್ನು ನೋಂದಣಿಯ ವಾರದಲ್ಲೇ, ವಿದ್ಯಾರ್ಥಿ ಕೌಂಟರಿನ ಮುಂದೆ ನಿಂತಿರುವಾಗಲೇ ಮಾಡಿಸಿ. ಜೂನ್‌ನಲ್ಲಿ ಅವನ ಫೋನು ಸಿಗುವುದಿಲ್ಲ, ಹೊಲದಲ್ಲಿ ಇರುತ್ತಾನೆ.